ಬಣ್ಣದ ಬೆಲೆ ತೆತ್ತವರು ಯಾರು?

(ಭಾಗ್ಯನಗರದ ನೇಕಾರರ ಓಣಿಯ ವಾಚನಾಲಯದಲ್ಲಿ ಮಾಡಿದ ಭಾಷಣ)



ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಾಡಿಸಿ, ಊಟ ಮುಗಿಸಿ, ಇಷ್ಟು ಹೊತ್ತಿನಲ್ಲಿ ತಾವು ಇಲ್ಲಿ ಬಂದು ಕುಳಿತಿದ್ದೀರಿ. ನಾನು ಇಂದು ಮಾತನಾಡಬೇಕೆಂದಿರುವುದು ಕೂಲಿಯ ದರದ ಬಗ್ಗೆ ಅಲ್ಲ, ನೂಲಿನ ಬೆಲೆಯ ಬಗ್ಗೆಯೂ ಅಲ್ಲ. ನೂರು ವರ್ಷದ ಹಿಂದೆ ಅಮೇರಿಕೆಯಲ್ಲಿ ಅಚ್ಚಾದ ಒಂದು ಕಾದಂಬರಿಯ ಬಗ್ಗೆ, ಆ ಕಾದಂಬರಿಯೊಳಗಿನ ಬಣ್ಣಗಳ ಬಗ್ಗೆ. ಇದೇನು ಮಾಸ್ತರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ತಮಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಇದಕ್ಕೆ ಕಾರಣವಾದವರು ಈ ಓಣಿಯವರೇ.

ಪದವಿ ತರಗತಿಯಲ್ಲಿ ಓದುತ್ತಿರುವ ನಮ್ಮ ಓಣಿಯ ಒಬ್ಬ ತಂಗಿ ಹೋದ ತಿಂಗಳು ಒಂದು ಗೈಡು ಹಿಡಿದುಕೊಂಡು ವಾಚನಾಲಯಕ್ಕೆ ಬಂದಳು. ಅದರಲ್ಲಿ ನಾಲ್ಕು ಸಾಲು ಕಪ್ಪು ಅಕ್ಷರದಲ್ಲಿ ಅಚ್ಚಾಗಿದ್ದವು. ಹಸಿರು ಎಂದರೆ ಆಸೆ, ಬಿಳಿ ಎಂದರೆ ಶುದ್ಧತೆ, ಹಳದಿ ಎಂದರೆ ಸಂಪತ್ತು, ಬೂದಿ ಬಣ್ಣ ಎಂದರೆ ನಾಶ. "ಮಾಸ್ತರ್ರ, ಇಷ್ಟು ಬಾಯಿಪಾಠ ಮಾಡಿದ್ರ ಪುಸ್ತಕ ಓದಿದಂಗ ಆತೇನ್ರಿ?" ಎಂದು ಕೇಳಿದಳು. ನಾನು ಮೆಟ್ರಿಕ್‌ವರೆಗೆ ಓದಿದವನು. ನಾಳೆ ಹೇಳುತ್ತೇನೆ ಎಂದು ಕಳಿಸಿ, ಅವಳ ಪುಸ್ತಕವನ್ನು ಕಡ ತಂದು, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಲು ಕುಳಿತೆ. ನಾಳೆ ಎಂದದ್ದು ಒಂದು ತಿಂಗಳಾಯಿತು.

ಆ ನಾಲ್ಕು ಸಾಲು ಓದಿದಾಗ ನನಗೊಂದು ಹಳೆಯ ಪಾಪ ನೆನಪಾಯಿತು. ಅದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲ. ಸ್ವಾತಂತ್ರ್ಯ ದಿನದ ಮುನ್ನಾ ದಿನ ಮಕ್ಕಳಿಗೆ ಧ್ವಜದ ಬಣ್ಣಗಳ ಅರ್ಥವನ್ನು ಹೇಳಿ ಬರೆಸುತ್ತಿದ್ದೆ. ಕೇಸರಿ ತ್ಯಾಗ, ಬಿಳಿ ಶಾಂತಿ, ಹಸಿರು ಸಮೃದ್ಧಿ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ನೂಲಿಗೆ ಬಣ್ಣ ಹಾಕುವ ಕೆಲಸದವರು. "ಸರ್ರ, ಹಸರು ಅಂದ್ರ ಸಮೃದ್ಧಿ ಅಂತ ಬರದೀನ್ರಿ. ನಮ್ಮಪ್ಪನ ಕೈ ಮೊಣಕೈತನಕ ಹಸರು ಆಗ್ಯಾವ. ಅದಕ್ಕೇನು ಅಂತ ಬರೀಲ್ರಿ?" ತರಗತಿಯೆಲ್ಲ ನಕ್ಕಿತು. ಅಧಿಕಪ್ರಸಂಗ ಸಾಕು, ಕೂಡು ಎಂದು ನಾನು ಗದರಿಸಿದೆ. ಅವನು ಕುಳಿತ. ಮರುವರ್ಷ ಶಾಲೆಗೆ ಬರಲಿಲ್ಲ. ಈ ಕಾದಂಬರಿಯನ್ನು ಓದುತ್ತ ಹೋದಂತೆ, ಆ ಹುಡುಗ ಕೇಳಿದ ಪ್ರಶ್ನೆಯೇ ಇದನ್ನು ತೆರೆಯುವ ಬೀಗದ ಕೈ ಎಂದು ನನಗೆ ತಿಳಿಯಿತು.

ಕಾದಂಬರಿಯ ಹೆಸರು "ದಿ ಗ್ರೇಟ್ ಗ್ಯಾಟ್ಸ್‌ಬಿ". ಬರೆದವನು ಎಫ್. ಸ್ಕಾಟ್ ಫಿಟ್ಜೆರಾಲ್ಡ್. 1896ರಲ್ಲಿ ಹುಟ್ಟಿ 1940ರಲ್ಲಿ, ನಲವತ್ನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ. ಪುಸ್ತಕ ಹೊರಬಂದದ್ದು 1925ರ ಏಪ್ರಿಲ್‌ನಲ್ಲಿ. ಆಗ ಅದು ಅಷ್ಟಾಗಿ ಮಾರಾಟವಾಗಲಿಲ್ಲ. ಅವನು ಸತ್ತಾಗ ಜನ ಅದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೇರಿಕನ್ ಸಿಪಾಯಿಗಳಿಗೆ ಹಂಚಲೆಂದು ಅದರ ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಅಚ್ಚು ಹಾಕಿದರು. ಹಾಗೆ ಅದು ಮರುಹುಟ್ಟು ಪಡೆಯಿತು.

ಕಥೆ ಇಷ್ಟು. 1922ರ ಬೇಸಿಗೆ, ನ್ಯೂಯಾರ್ಕ್ ಹತ್ತಿರದ ಸಮುದ್ರ ದಂಡೆ. ಗ್ಯಾಟ್ಸ್‌ಬಿ ಬಡ ಒಕ್ಕಲಿಗನ ಮಗ. ಯುದ್ಧಕ್ಕೆ ಹೋಗುವ ಮೊದಲು ಡೇಸಿ ಎಂಬ ಶ್ರೀಮಂತರ ಮಗಳನ್ನು ಪ್ರೀತಿಸಿದ್ದ. ಅವನು ಯುದ್ಧದಿಂದ ಬರುವಷ್ಟರಲ್ಲಿ ಅವಳು ಟಾಮ್ ಬುಕಾನನ್ ಎಂಬ ಹಳೆಯ ಸಿರಿವಂತ ಮನೆತನದವನನ್ನು ಮದುವೆಯಾದಳು. ಆ ನಾಡಿನಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಗ್ಯಾಟ್ಸ್‌ಬಿ ಕಳ್ಳ ಹೆಂಡದ ವ್ಯಾಪಾರದಲ್ಲಿ ಹಣ ಗಳಿಸಿ, ಡೇಸಿಯ ಮನೆಗೆ ಎದುರಾಗಿ, ಕೊಲ್ಲಿಯ ಈಚೆ ದಂಡೆಯ ಮೇಲೆ ಒಂದು ಅರಮನೆಯನ್ನೇ ಕೊಂಡ. ದೊಡ್ಡ ದೊಡ್ಡ ಔತಣ ಮಾಡಿಸಿದ, ಒಂದಲ್ಲ ಒಂದು ದಿನ ಅವಳು ಬಂದಾಳು ಎಂದು. ನೆರೆಮನೆಯ ನಿಕ್ ಎಂಬವನು ಈ ಕಥೆಯನ್ನು ನಮಗೆ ಹೇಳುತ್ತಾನೆ.

ಈಗ ಹಸಿರಿಗೆ ಬರೋಣ. ಡೇಸಿಯ ಮನೆಯ ಮುಂದೆ ದೋಣಿ ಕಟ್ಟುವ ಕಟ್ಟೆಯ ತುದಿಯಲ್ಲಿ ರಾತ್ರಿಯಿಡೀ ಒಂದು ಹಸಿರು ದೀಪ ಉರಿಯುತ್ತದೆ. ಗ್ಯಾಟ್ಸ್‌ಬಿ ಕತ್ತಲಲ್ಲಿ ನಿಂತು ಅದರ ಕಡೆಗೆ ಕೈ ಚಾಚುತ್ತಾನೆ. ಆಸೆ ಎಂದು ಗೈಡು ಹೇಳುವುದು ಇದನ್ನೇ. ಸುಳ್ಳಲ್ಲ. ಆದರೆ ಪುಸ್ತಕ ಅಲ್ಲಿಗೇ ನಿಲ್ಲುವುದಿಲ್ಲ. ಐದನೆಯ ಅಧ್ಯಾಯದಲ್ಲಿ ಡೇಸಿ ಅವನ ಮಗ್ಗುಲಲ್ಲೇ ಬಂದು ನಿಂತಾಗ, ಆ ದೀಪ ಮತ್ತೆ ಬರಿಯ ದೀಪವಾಗಿಬಿಡುತ್ತದೆ. ಹಾಗಾದರೆ ಹಸಿರು ಇದ್ದದ್ದು ದೀಪದಲ್ಲಲ್ಲ, ಇಬ್ಬರ ನಡುವಿನ ದೂರದಲ್ಲಿ. ಆ ದೂರ ನೀರಿನದಲ್ಲ, ಹಣದ್ದು. ಅಮೇರಿಕೆಯ ನೋಟಿನ ಬೆನ್ನು ಕೂಡ ಹಸಿರೇ ಎಂಬುದನ್ನು ಇಲ್ಲಿ ನೆನೆಯಬೇಕು. 1861ರಲ್ಲಿ, ಅವರ ಅಂತರ್ಯುದ್ಧದ ಕಾಲದಲ್ಲಿ ಆ ನೋಟುಗಳು ಹೊರಬಂದಾಗಿನಿಂದ ಜನ ಅವನ್ನು ಹಸಿರು ಬೆನ್ನಿನವು ಎಂದೇ ಕರೆದರು.

ಇನ್ನು ಬಿಳಿ. ಡೇಸಿ ನಮಗೆ ಮೊದಲು ಕಾಣುವುದು ಬಿಳಿಯ ಉಡುಪಿನಲ್ಲಿ. ಹುಡುಗಿಯಾಗಿದ್ದಾಗ ಅವಳ ಕಾರೂ ಬಿಳಿಯದೇ. ಅವಳ ಹೆಸರೂ ಒಂದು ಹೂವಿನದು, ಬಿಳಿಯ ಎಸಳು, ನಡುವೆ ಹಳದಿ. ಬಿಳಿ ಎಂದರೆ ಶುದ್ಧತೆ ಎಂದು ಬರೆದು ಅಂಕ ಪಡೆಯಬಹುದು. ಆದರೆ ತಾಯಂದಿರೇ, ತಾವೇ ಹೇಳಿರಿ, ಬಿಳಿಯ ಬಟ್ಟೆಯನ್ನು ದಿನಾಲೂ ಉಡುವವರು ಯಾರು? ದೂಳಿನಲ್ಲಿ ನಡೆಯುವ ಅಗತ್ಯ ಇಲ್ಲದವರು, ಒಲೆಯ ಮುಂದೆ ಕೂಡದವರು, ಕಲೆಯಾದರೆ ಒಗೆಯಲು ಬೇರೆಯ ಕೈಗಳಿರುವವರು. ಅಂಥವರ ಬಿಳುಪಿನ ಹಿಂದೆ ಒಬ್ಬ ಅಗಸಗಿತ್ತಿಯ ಬೆನ್ನಿರುತ್ತದೆ. ಡೇಸಿಯ ಬಿಳುಪೂ ಇಂಥದೇ. ಅದು ಮನಸ್ಸಿನದಲ್ಲ, ಅಂತಸ್ತಿನದು ಎಂದು ಕಥೆಯ ಕೊನೆಗೆ ತಿಳಿಯುತ್ತದೆ.

ಗ್ಯಾಟ್ಸ್‌ಬಿಗೆ ಈ ಗುಟ್ಟು ಗೊತ್ತಿಲ್ಲ. ಹಣ ಬಂದ ಮೇಲೆ ಬಣ್ಣವನ್ನೆಲ್ಲ ಮೈಮೇಲೆ ಹೇರಿಕೊಳ್ಳುತ್ತಾನೆ. ಬೆಳ್ಳಿ ಬಣ್ಣದ ಅಂಗಿ, ಬಂಗಾರ ಬಣ್ಣದ ಟೈ, ಗುಲಾಬಿ ಸೂಟು, ಹಳದಿ ಕಾರು. ಟಾಮ್ ಆ ಕಾರನ್ನು ಸರ್ಕಸ್ಸಿನ ಬಂಡಿ ಎಂದು ಹೀಯಾಳಿಸುತ್ತಾನೆ. ಗುಲಾಬಿ ಸೂಟು ತೊಟ್ಟವನು ಆಕ್ಸ್‌ಫರ್ಡಿನಲ್ಲಿ ಓದಿದವನಾಗಿರಲು ಸಾಧ್ಯವೇ ಇಲ್ಲ ಎನ್ನುತ್ತಾನೆ. ಹಳೆಯ ಸಿರಿವಂತನಿಗೆ ಬಣ್ಣ ಬೇಕಿಲ್ಲ, ಅವನ ಮನೆತನವೇ ಅವನ ಬಣ್ಣ. ಹೊಸದಾಗಿ ಮೇಲೆ ಬಂದವನು ಎಷ್ಟು ಬಣ್ಣ ತೊಟ್ಟರೂ ಬಾಗಿಲು ತೆರೆಯುವುದಿಲ್ಲ. ನಮ್ಮಲ್ಲಿ ಹುಡುಗನೊಬ್ಬ ಹೊಸ ಅಂಗಿ ತೊಟ್ಟು ಮೇಲಿನ ಓಣಿಗೆ ಹೋದರೆ, ನೋಡುವವರು ಅಂಗಿಯನ್ನು ನೋಡುತ್ತಾರೆಯೋ, ಅವನು ಯಾರ ಮಗ ಎಂಬುದನ್ನು ನೋಡುತ್ತಾರೆಯೋ? ತಮಗೆ ನಾನು ಬಿಡಿಸಿ ಹೇಳಬೇಕಾದ್ದಿಲ್ಲ.

ನೇಕಾರರಾದ ತಾವು ಕೇಳಲೇಬೇಕಾದ ಒಂದು ಪ್ರಸಂಗವಿದೆ. ಗ್ಯಾಟ್ಸ್‌ಬಿ ತನ್ನ ಕಪಾಟು ತೆರೆದು ಡೇಸಿಯ ಮುಂದೆ ಅಂಗಿಗಳನ್ನು ಒಂದೊಂದಾಗಿ ಎಸೆಯುತ್ತಾನೆ. ರೇಶ್ಮೆಯವು, ನಾರಿನವು, ಹವಳದ ಬಣ್ಣ, ಎಳೆ ಹಸಿರು, ನಸು ನೇರಳೆ, ತೆಳು ಕಿತ್ತಳೆ. ಮೇಜಿನ ಮೇಲೆ ರಾಶಿಯಾಗುತ್ತದೆ. ಡೇಸಿ ಅದರಲ್ಲಿ ಮುಖವಿಟ್ಟು ಅಳುತ್ತಾಳೆ, ಇಷ್ಟು ಚೆಂದದ ಅಂಗಿಗಳನ್ನು ತಾನು ಕಂಡೇ ಇರಲಿಲ್ಲವೆಂದು. ಓದುತ್ತಿದ್ದ ನನ್ನ ಮನಸ್ಸಿಗೆ ಬಂದ ಪ್ರಶ್ನೆ ಒಂದೇ. ಇವನ್ನು ನೇಯ್ದವರು ಯಾರು? ಬಣ್ಣ ಹಾಕಿದವರು ಯಾರು? ಕಾದಂಬರಿ ಅದನ್ನು ಹೇಳುವುದಿಲ್ಲ. ಅಂಗಿಗಳು ಇಂಗ್ಲೆಂಡಿನಿಂದ ಬಂದವು ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ.

ಕಾದಂಬರಿ ಹೇಳದ್ದನ್ನು ಚರಿತ್ರೆ ಹೇಳುತ್ತದೆ. ನ್ಯೂಯಾರ್ಕಿಗೆ ಹತ್ತಿರದಲ್ಲೇ, ನ್ಯೂಜೆರ್ಸಿ ರಾಜ್ಯದಲ್ಲಿ ಪ್ಯಾಟರ್ಸನ್ ಎಂಬ ಊರಿದೆ. ರೇಶ್ಮೆ ಪಟ್ಟಣವೆಂದು ಅದಕ್ಕೆ ಹೆಸರು. 1913ರಲ್ಲಿ ಅಲ್ಲಿಯ ಮಾಲೀಕರು, ಎರಡು ಮಗ್ಗ ನೋಡುತ್ತಿದ್ದ ನೇಕಾರ ನಾಲ್ಕು ಮಗ್ಗ ನೋಡಬೇಕೆಂದರು. ನೇಕಾರರೂ ಬಣ್ಣದ ಮನೆಗಳ ಆಳುಗಳೂ ಒಟ್ಟಾಗಿ ಕೆಲಸ ನಿಲ್ಲಿಸಿದರು. ಹಬೆಯಲ್ಲಿ, ತೊಯ್ದ ನೆಲದ ಮೇಲೆ ದುಡಿಯುತ್ತಿದ್ದವರು ಈ ಬಣ್ಣದ ಮನೆಯ ಆಳುಗಳು. ಎಂಟು ಗಂಟೆಯ ದಿನ ಕೇಳಿದರು. ಸುಮಾರು 25,000 ಜನ, ಫೆಬ್ರವರಿಯಿಂದ ಜುಲೈವರೆಗೆ. ಜೂನ್ 7ರಂದು ನ್ಯೂಯಾರ್ಕ್ ನಗರದ ದೊಡ್ಡ ಸಭಾಂಗಣವೊಂದರಲ್ಲಿ ತಮ್ಮ ಮುಷ್ಕರದ ಕಥೆಯನ್ನು ತಾವೇ ನಾಟಕವಾಗಿ ಆಡಿ ತೋರಿಸಿದರು. ಕೊನೆಗೆ ಹಸಿವು ಅವರನ್ನು ಸೋಲಿಸಿತು. ಡೇಸಿ ಅಳುವ ಆ ಕೋಣೆಯಿಂದ ಪ್ಯಾಟರ್ಸನ್ ಒಂದು ದಿನದ ದಾರಿಯೂ ಅಲ್ಲ. ಆದರೂ ಆ ಕೋಣೆಯೊಳಗೆ ಅದರ ಸುದ್ದಿ ಬರುವುದಿಲ್ಲ.

ಈಗ ಬೂದಿ ಬಣ್ಣ. ನನ್ನ ಮಟ್ಟಿಗೆ ಪುಸ್ತಕದ ಜೀವ ಇರುವುದು ಇಲ್ಲಿ. ಸಿರಿವಂತರ ದಂಡೆಗೂ ನ್ಯೂಯಾರ್ಕ್ ನಗರಕ್ಕೂ ನಡುವೆ ಒಂದು ಬೂದಿಯ ಕಣಿವೆ ಇದೆ. ಅಲ್ಲಿ ಬೂದಿ ಗೋದಿಯ ಬೆಳೆಯಂತೆ ಏಳುತ್ತದೆ, ಗುಡ್ಡವಾಗುತ್ತದೆ, ಮನೆಯಾಗುತ್ತದೆ, ಕೊನೆಗೆ ಬೂದಿ ಬಣ್ಣದ ಮನುಷ್ಯರಾಗಿ ನಡೆದಾಡುತ್ತದೆ. ಇದು ಬರಿಯ ಕಲ್ಪನೆಯಲ್ಲ. ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಕೊರೋನಾ ಎಂಬಲ್ಲಿ ನಗರದ ಕಲ್ಲಿದ್ದಲು ಒಲೆಗಳ ಬೂದಿಯನ್ನು ತಂದು ಸುರಿಯುತ್ತಿದ್ದರು. ಮುಂದೆ ಅದನ್ನೇ ಸಮ ಮಾಡಿ, 1939ರಲ್ಲಿ ಅದರ ಮೇಲೆ ಜಾಗತಿಕ ಮೇಳ ನಡೆಸಿದರು. ನಗರ ಬೆಚ್ಚಗಿರಲು ಉರಿದ ಒಲೆಯ ಬೂದಿ ಬಂದು ಬಿದ್ದದ್ದು ಬಡವರ ಹಿತ್ತಿಲಲ್ಲಿ. ಕಣಿವೆಯ ಮೇಲೆ ಕನ್ನಡಕದ ವೈದ್ಯನೊಬ್ಬನ ಹಳೆಯ ಜಾಹೀರಾತು ಫಲಕ ನಿಂತಿದೆ. ಭಾರಿ ನೀಲಿ ಕಣ್ಣುಗಳು, ಹಳದಿ ಕನ್ನಡಕ, ಮುಖವಿಲ್ಲ.

ಈ ಬೂದಿಯಲ್ಲಿ ಜಾರ್ಜ್ ವಿಲ್ಸನ್ ಎಂಬ ಮೋಟಾರು ರಿಪೇರಿಯವನು ಬಾಳುತ್ತಾನೆ. ಅವನ ಬಟ್ಟೆ, ಕೂದಲು, ಎಲ್ಲದರ ಮೇಲೂ ಬೂದಿ ಕುಳಿತಿದೆ, ಹೆಂಡತಿ ಮರ್ಟಲ್ ಮೇಲೆ ಮಾತ್ರ ಇಲ್ಲ. ಅವಳು ಟಾಮ್‌ನ ಉಪಪತ್ನಿ. ಗಂಡ ಮದುವೆಯ ದಿನ ಕಡ ತಂದ ಸೂಟು ತೊಟ್ಟಿದ್ದನೆಂಬುದು ಅವಳಿಗೆ ಎಂದೂ ಆರದ ಅವಮಾನ. ಟಾಮ್ ಜೊತೆ ನಗರಕ್ಕೆ ಹೋದಾಗ ಅವಳು ನಾಲ್ಕು ಬಾಡಿಗೆ ಕಾರುಗಳನ್ನು ಬಿಟ್ಟು, ನೇರಳೆ ಬಣ್ಣದ ಹೊಸದೊಂದನ್ನು ಆರಿಸುತ್ತಾಳೆ. ಮನೆ ಮುಟ್ಟಿದ ಮೇಲೆ ಕೆನೆ ಬಣ್ಣದ ತೆಳು ಬಟ್ಟೆ ಉಟ್ಟು ದೊರೆಸಾನಿಯಂತೆ ಮಾತನಾಡುತ್ತಾಳೆ. ಓದುಗರು ಇವಳನ್ನು ನೋಡಿ ನಗುತ್ತಾರೆ. ನನಗೆ ನಗು ಬರಲಿಲ್ಲ. ಒಂದು ಬಣ್ಣಕ್ಕಾಗಿ ನಾಲ್ಕು ಗಾಡಿ ಬಿಡುವ ಆ ಹಟದಲ್ಲಿ ಬೂದಿಯಿಂದ ಪಾರಾಗುವ ತವಕವಿದೆ.

ಅವಳ ಸಾವು ಬರುವುದೂ ಬಣ್ಣದಿಂದಲೇ. ಒಂದು ದಿನ ಟಾಮ್ ಗ್ಯಾಟ್ಸ್‌ಬಿಯ ಹಳದಿ ಕಾರನ್ನು ನಡೆಸಿಕೊಂಡು ಆ ದಾರಿಯಲ್ಲಿ ಹೋಗಿರುತ್ತಾನೆ. ಸಂಜೆ ಅದೇ ಕಾರು ಮರಳಿ ಬರುವಾಗ ಟಾಮ್ ಇದ್ದಾನೆಂದು ತಿಳಿದು ಮರ್ಟಲ್ ರಸ್ತೆಗೆ ಓಡುತ್ತಾಳೆ. ಕಾರು ನಡೆಸುತ್ತಿದ್ದವಳು ಡೇಸಿ. ಬಡಿದು, ನಿಲ್ಲಿಸದೆ ಹೋಗಿಬಿಡುತ್ತಾಳೆ. ಇಲ್ಲೊಂದು ಸೂಕ್ಷ್ಮವಿದೆ. ಕಂಡ ಒಬ್ಬ ಸಾಕ್ಷಿ ಪೊಲೀಸರಿಗೆ ಕಾರು ಎಳೆ ಹಸಿರು ಎಂದು ಹೇಳುತ್ತಾನೆ. ಅದು ಹಳದಿ, ದೊಡ್ಡದು, ಹೊಸದು ಎಂದು ಸರಿಯಾಗಿ ಹೇಳುವವನು ಒಬ್ಬ ಕರಿಯ ಮನುಷ್ಯ. ದೂರದಿಂದ ಆಸೆಯ ಹಸಿರಾಗಿ ಕಂಡದ್ದು ಹತ್ತಿರ ಬಂದಾಗ ಹಣದ ಹಳದಿಯಾಗಿ ಮೈಮೇಲೆ ಹರಿಯಿತು. ಮುಂದೆ ಟಾಮ್ ವಿಲ್ಸನ್‌ಗೆ ಆ ಕಾರು ಗ್ಯಾಟ್ಸ್‌ಬಿಯದೆಂದು ಹೇಳುತ್ತಾನೆ. ವಿಲ್ಸನ್ ಗ್ಯಾಟ್ಸ್‌ಬಿಯನ್ನು ಕೊಂದು ತಾನೂ ಸಾಯುತ್ತಾನೆ. ಸತ್ತ ಮೂವರೂ ಬಡತನದಿಂದ ಬಂದವರು. ಟಾಮ್, ಡೇಸಿ ಇಬ್ಬರೂ ಗಂಟುಮೂಟೆ ಕಟ್ಟಿ ಊರು ಬಿಡುತ್ತಾರೆ. ಅವಳ ಬಿಳಿಯ ಬಟ್ಟೆಗೆ ಒಂದು ಕಲೆಯೂ ಇಲ್ಲ.

ಕರಿಯ ಮನುಷ್ಯ ಎಂದೆ. ಬಣ್ಣದ ಮಾತು ಮೈಬಣ್ಣಕ್ಕೆ ಬರದೆ ಮುಗಿಯುವುದಿಲ್ಲ. ಮೊದಲ ಅಧ್ಯಾಯದಲ್ಲೇ ಟಾಮ್ ಊಟದ ಮೇಜಿನಲ್ಲಿ ಒಂದು ಪುಸ್ತಕದ ಹೆಸರು ಹೇಳಿ, ಬಿಳಿಯ ಜನಾಂಗ ಎಚ್ಚರಗೊಳ್ಳದಿದ್ದರೆ ಬಣ್ಣದವರು ಮುಳುಗಿಸಿಬಿಡುತ್ತಾರೆ ಎಂದು ಗುಡುಗುತ್ತಾನೆ. 1920ರಲ್ಲಿ ಲೋಥ್ರಾಪ್ ಸ್ಟಾಡರ್ಡ್ ಎಂಬವನು ಅಲ್ಲಿ ಅಂಥದೇ ಪುಸ್ತಕವನ್ನು ನಿಜವಾಗಿಯೂ ಬರೆದಿದ್ದ. ಫಿಟ್ಜೆರಾಲ್ಡ್ ಟಾಮ್‌ನನ್ನು ನಗೆಪಾಟಲು ಮಾಡುತ್ತಾನೆ, ನಿಜ. ಆದರೆ ಮುಂದೆ, ಬಿಳಿಯ ಚಾಲಕ ನಡೆಸುವ ಕಾರಿನಲ್ಲಿ ಮೂವರು ಕರಿಯರು ಹೋಗುವುದನ್ನು ಕಂಡು ಕಥೆ ಹೇಳುವ ನಿಕ್ಕನೇ ನಗುತ್ತಾನೆ. ಆ ನಗೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ದೊಡ್ಡ ಲೇಖಕನ ಕಣ್ಣಿಗೂ ಒಂದು ಬಣ್ಣದ ಕನ್ನಡಕ ಇರಬಹುದೆಂದು ನಾವು ಹೇಳಲು ಅಂಜಬೇಕಾಗಿಲ್ಲ.

ನಮ್ಮ ನುಡಿಯಲ್ಲಿ ಬಣ್ಣಕ್ಕೂ ವರ್ಣವೆನ್ನುತ್ತೇವೆ, ಹುಟ್ಟಿನ ಮೇಲುಕೀಳಿಗೂ ವರ್ಣವೆನ್ನುತ್ತೇವೆ. ಹೆಣ್ಣು ನೋಡಲು ಹೋಗಿ ಬಂದವರು ಮೊದಲು ಹೇಳುವ ಮಾತೇನು? "ಹುಡುಗಿ ಕೆಂಪಗದಾಳ" ಎಂದು. ಕಪ್ಪಗಿದ್ದರೆ ಆ ಮಾತನ್ನು ತಗ್ಗಿಸಿ ಹೇಳುತ್ತಾರೆ, ವರದಕ್ಷಿಣೆಯನ್ನು ಏರಿಸುತ್ತಾರೆ. ರಾಮಮನೋಹರ ಲೋಹಿಯಾ ಅವರು ಇದನ್ನು ಬಿಡದೆ ಎತ್ತಿ ಹೇಳಿದರು. 1964ರ ಮೇ ತಿಂಗಳಲ್ಲಿ ಅಮೇರಿಕೆಯ ಮಿಸಿಸಿಪಿ ರಾಜ್ಯದ ಜಾಕ್ಸನ್ ನಗರದಲ್ಲಿ ಅವರನ್ನು ಮೈಬಣ್ಣದ ಕಾರಣಕ್ಕೆ ಒಂದು ಉಪಾಹಾರ ಗೃಹದೊಳಗೆ ಬಿಡಲಿಲ್ಲ. ಅವರು ಹಿಂದಿರುಗದೆ ನಿಂತು ಬಂಧನಕ್ಕೊಳಗಾದರು. ಅವರ ಸಪ್ತ ಕ್ರಾಂತಿಗಳಲ್ಲಿ ಚರ್ಮದ ಬಣ್ಣದ ಮೇಲಿನ ಅಸಮಾನತೆಯನ್ನು ಅಳಿಸುವುದೂ ಒಂದು. ಆ ಅಸಮಾನತೆ ಜಾಕ್ಸನ್ನಿನ ಬಾಗಿಲಲ್ಲಿ ಮಾತ್ರವಲ್ಲ, ನಮ್ಮ ನಮ್ಮ ಮನೆಯ ಪಡಸಾಲೆಯಲ್ಲೂ ಕುಳಿತಿದೆ.

ಮಾಸ್ತರು ಒಳ್ಳೆಯ ಕಾದಂಬರಿಯೊಂದನ್ನು ಪಕ್ಷದ ಕರಪತ್ರ ಮಾಡಿದರು ಎಂದು ಕೆಲವರು ಹೇಳಬಹುದು. ಅಲ್ಲ ಬಂಧುಗಳೇ. ಫಿಟ್ಜೆರಾಲ್ಡ್ ನಮ್ಮ ಪಂಗಡದವನಲ್ಲ. ಸಿರಿವಂತರ ದೀಪಗಳಿಗೆ, ಸಂಗೀತಕ್ಕೆ, ರೇಶ್ಮೆಗೆ ಅವನು ಮನಸೋತವನು. ಪುಟಪುಟದಲ್ಲೂ ಆ ಮೋಹ ಕಾಣುತ್ತದೆ. ಮನಸೋತವನೇ ಆ ದಾರಿಯ ನಡುವೆ ಬೂದಿಯನ್ನು ಕಂಡು ಮುಚ್ಚಿಡದೆ ಬರೆದನಲ್ಲ, ಅದಕ್ಕೇ ಅವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಪುಸ್ತಕ ಬಂದ ನಾಲ್ಕೇ ವರ್ಷಕ್ಕೆ, 1929ರ ಅಕ್ಟೋಬರಿನಲ್ಲಿ ಅಲ್ಲಿಯ ಷೇರುಪೇಟೆ ಕುಸಿದು ಆ ಹಳದಿಯ ಮೆರಗೆಲ್ಲ ಉದುರಿತು.

ಈಗ ನಮ್ಮ ಊರಿಗೆ ಬರುತ್ತೇನೆ. ಇಳಕಲ್ ಸೀರೆಯ ಒಡಲಿನ ಬಣ್ಣ ಯಾವುದೇ ಇರಲಿ, ಟೋಪ್ ತೆನಿ ಸೆರಗು ಕೆಂಪು, ನಡುವೆ ಬಿಳಿ. ಆ ಕೆಂಪು ಮುತ್ತೈದೆತನ ಎಂದು ಉಡುವವರು ಹೇಳುತ್ತಾರೆ. ಚೆಂದದ ಮಾತು. ಆದರೆ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುವವರ ಕಣ್ಣು ಎಷ್ಟು ಬೇಗ ಮಂಜಾಗುತ್ತದೆ ಎಂಬುದು ಈ ಓಣಿಗೆ ಗೊತ್ತು. ಇದೇ ಊರಿನಲ್ಲಿ ಕೂದಲನ್ನು ಹಸನು ಮಾಡಿ, ಉದ್ದ ನೋಡಿ ಕಟ್ಟಿ ಹೊರನಾಡಿಗೆ ಕಳಿಸುವ ಕೆಲಸ ನಡೆದಿದೆ. ಅಲ್ಲಿ ಅದನ್ನು ತಲೆಗೇರಿಸಿಕೊಂಡವರಿಗೆ ಇಲ್ಲಿ ಎಳೆಎಳೆಯಾಗಿ ಬಿಡಿಸಿದ ಹೆಣ್ಣುಮಕ್ಕಳ ಬೆರಳು ಕಾಣುವುದಿಲ್ಲ.

ಬೂದಿಯ ಕಣಿವೆಯನ್ನು ನೋಡಲು ನಾವು ಅಮೇರಿಕೆಗೆ ಹೋಗಬೇಕಾಗಿಲ್ಲ. ಗಿಣಿಗೇರಿ, ಹಿರೇಬಗನಾಳದ ಕಡೆ ಹೋಗಿ ನೋಡಿರಿ. ಕಬ್ಬಿಣದ ಕಾರ್ಖಾನೆಗಳ ಕಪ್ಪು ದೂಳು ಬೆಳೆಯ ಮೇಲೆ, ಕುಡಿಯುವ ನೀರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂಡುತ್ತದೆ. ಆ ಕಬ್ಬಿಣದಿಂದ ಎಲ್ಲೋ ಎತ್ತರದ ಕಟ್ಟಡ ಏಳುತ್ತದೆ, ಅದಕ್ಕೆ ಬಿಳಿಯ ಸುಣ್ಣ ಹೊಡೆಯುತ್ತಾರೆ. 2025ರ ಫೆಬ್ರವರಿ 24ರಂದು ಕೊಪ್ಪಳ, ಭಾಗ್ಯನಗರಗಳ ಅಂಗಡಿಗಳೆಲ್ಲ ಮುಚ್ಚಿ ಸಾವಿರಾರು ಜನ ಬೀದಿಗಿಳಿದದ್ದು ಈ ದೂಳು ಇನ್ನೂ ಹೆಚ್ಚಬಾರದೆಂದೇ. ಫಿಟ್ಜೆರಾಲ್ಡನ ಬೂದಿಯ ಜನ ಮಾತಾಡಲಿಲ್ಲ, ಜಾಹೀರಾತಿನ ಕಣ್ಣುಗಳನ್ನು ನೋಡಿ ದೇವರು ಕಾಣುತ್ತಾನೆ ಎಂದುಕೊಂಡರು. ನಮ್ಮ ಜನ ಮಾತಾಡಿದರು. ಆ ವ್ಯತ್ಯಾಸ ಸಣ್ಣದಲ್ಲ.

ಗೈಡು ತಂದ ತಂಗಿಗೆ ನನ್ನ ಉತ್ತರ ಇಷ್ಟೇ. ಪರೀಕ್ಷೆಗೆ ಆ ನಾಲ್ಕು ಸಾಲು ಬರೆ, ಅಂಕ ಬರಲಿ. ಆದರೆ ಪುಸ್ತಕ ಓದುವಾಗ ಪ್ರತಿಯೊಂದು ಬಣ್ಣಕ್ಕೂ ಮೂರು ಪ್ರಶ್ನೆ ಕೇಳು. ಇದನ್ನು ತೊಟ್ಟವರು ಯಾರು? ಇದನ್ನು ಮಾಡಿದವರು ಯಾರು? ಇದರ ಕೊಳೆ ಯಾರ ಮೇಲೆ ಬಿತ್ತು? ಕನ್ನಡದ ಕಾದಂಬರಿಗೂ ಇದನ್ನೇ ಕೇಳು, ಸಿನಿಮಾಕ್ಕೂ ಕೇಳು, ಬಾವುಟಗಳಿಗೂ ಕೇಳು. ನಮ್ಮ ಪಕ್ಷದ ಬಾವುಟವನ್ನೂ ಬಿಡಬೇಡ.

ಇನ್ನು ಹಿಂದಿನ ಸಾಲಿನ ಆ ಹುಡುಗ. ಅವನೀಗ ಎಳೆಯ ಗಂಡಸಾಗಿರಬೇಕು. ಬಹುಶಃ ಅವನ ಕೈಯೂ ಮೊಣಕೈಯವರೆಗೆ ಬಣ್ಣವಾಗಿರಬಹುದು. ಅವನು ಈ ಸಭೆಯಲ್ಲಿದ್ದರೆ, ಇಲ್ಲವೇ ಅವನನ್ನು ಬಲ್ಲವರು ಇದ್ದರೆ, ಅಂದು ಅವನು ಕೇಳಿದ್ದು ಅಧಿಕಪ್ರಸಂಗವಾಗಿರಲಿಲ್ಲ, ಮಾಸ್ತರಿಗೆ ಉತ್ತರ ಗೊತ್ತಿರಲಿಲ್ಲ ಎಂದು ತಿಳಿಸಿರಿ. ಈ ವಾಚನಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಅವನು ಬಂದರೆ ಆ ಪ್ರಶ್ನೆಯಿಂದಲೇ ಪಾಠ ಶುರು ಮಾಡೋಣ.